ಮಗುವಿನ ತಲೆಗೆ ಕರ್ಮ ಕಟ್ಟಬೇಡಿ

ಕಾಯಿಲೆ ಬಿದ್ದ ಮಗುವನ್ನು ನೋಡೋಕೆ ಹೋದವರು ದಯವಿಟ್ಟು ಒಂದು ಮಾತು ಆಡಬೇಡಿ. "ಪೂರ್ವಜನ್ಮದ್ದು, ಅನುಭವಿಸಲೇಬೇಕು."

ನನ್ನ ಅಕ್ಕನ ಮಗನಿಗೆ ನಾಲ್ಕನೇ ವರ್ಷಕ್ಕೆ ರಕ್ತದ ಕ್ಯಾನ್ಸರ್ ಬಂತು. ಎಳನೀರು ಹಿಡಿದು ಬಂದಿದ್ದ ನೆಂಟರೊಬ್ಬರು ಹಾಸಿಗೆ ಪಕ್ಕದಲ್ಲೇ ಕೂತು ಈ ಮಾತು ಹೇಳಿದರು. ಕೆಟ್ಟ ಮನಸ್ಸಿನಿಂದಲ್ಲ. ಅವತ್ತು ರಾತ್ರಿ ಅಕ್ಕ, ಅವನ ಕೈಗೆ ಅಂಟಿಸಿದ್ದ ಪ್ಲಾಸ್ಟರ್ ನೋವಾಗದೆ ಬಿಡಲಿ ಅಂತ ಅಂಚಿಗೆ ಕೊಬ್ಬರಿಎಣ್ಣೆ ಸವರುತ್ತಾ, ತಾನು ಮಾಡಿದ ತಪ್ಪುಗಳನ್ನೆಲ್ಲ ಹುಡುಕುತ್ತಿದ್ದಳು. ತೀರಿಸದೆ ಉಳಿದ ಹರಕೆ. ಅತ್ತೆಗೆ ಎದುರಾಡಿದ್ದು. ಮಗ ಹೋದ ಮೇಲೂ ಆ ಹುಡುಕಾಟ ನಿಂತಿಲ್ಲ.

ದೇವರು ದಯಾಮಯ, ಸರ್ವಶಕ್ತ ಅಂದಮೇಲೆ ಇದೆಲ್ಲ ಯಾಕೆ? ಹಳೇ ಪ್ರಶ್ನೆ. ದೇವರಿಗೆ ಪಕ್ಷಪಾತವಿಲ್ಲ, ಕ್ರೌರ್ಯವಿಲ್ಲ, ಜೀವಿಗಳ ಕರ್ಮ ನೋಡಿಯೇ ಫಲ ಕೊಡುತ್ತಾನೆ ಅಂತ ಬ್ರಹ್ಮಸೂತ್ರ ಉತ್ತರ ಹೇಳುತ್ತದೆ. ಶಂಕರರು ಅದಕ್ಕೆ ಮಳೆಯ ಹೋಲಿಕೆ ಕೊಡುತ್ತಾರೆ: ಮಳೆ ಎಲ್ಲಕ್ಕೂ ಒಂದೇ, ಬೀಜ ಬೇರೆ ಬೇರೆ. ತರ್ಕ ಗಟ್ಟಿಯಾಗಿಯೇ ಇದೆ. ಆದರೆ ದೇವರ ಮೇಲಿನ ಆರೋಪ ತೆಗೆದು ಎಲ್ಲಿ ಇಟ್ಟರು ನೋಡಿ. ನಾಲ್ಕು ವರ್ಷದ ಹುಡುಗನ ತಲೆ ಮೇಲೆ!

ಈ ಉತ್ತರದಿಂದ ಬೇರೆ ಅಪಾಯವೂ ಇದೆ. ಕಾಸರಗೋಡಿನ ಪಡ್ರೆಯಲ್ಲಿ ಮಕ್ಕಳು ಅಂಗವೈಕಲ್ಯದಿಂದ ಹುಟ್ಟತೊಡಗಿದಾಗ ಊರಿನ ಎಷ್ಟೋ ಜನ ಅದು ಜಟಾಧಾರಿ ದೈವದ ಕೋಪ ಅಂದುಕೊಂಡಿದ್ದರು. ಮೇಲೆ ಹೆಲಿಕಾಪ್ಟರ್ ಸರ್ಕಾರಿ ಗೇರುತೋಟಗಳಿಗೆ ಎಂಡೋಸಲ್ಫಾನ್ ಅನ್ನೋ ಕೀಟನಾಶಕ ಸುರಿಯುತ್ತಿತ್ತು, ಎರಡು ದಶಕಕ್ಕೂ ಜಾಸ್ತಿ ಕಾಲ. ಅಲ್ಲಿನ ಡಾಕ್ಟರು, ಪತ್ರಕರ್ತ, ಮಕ್ಕಳ ತಾಯಂದಿರು ದೈವವನ್ನು ಬಿಟ್ಟು ವಿಷದ ಕಡೆ ಕೈ ತೋರಿಸಿದ ಮೇಲೆ ಸಿಂಪಡಣೆ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ನಿಷೇಧಿಸಿತು. ಕರ್ಮ ಅಂತ ಸುಮ್ನೆ ಕೂತಿದ್ದರೆ?

ನಮ್ಮ ಹುಡುಗನ ವಿಷಯದಲ್ಲಿ ಬೆರಳು ತೋರಿಸೋಕೆ ಯಾರೂ ಇಲ್ಲ. ಯಾಕೆ ಬಂತು ಅಂತ ಡಾಕ್ಟರಿಗೂ ಹೇಳಲಾಗಲಿಲ್ಲ. ಉತ್ತರ ಇಲ್ಲದ ಜಾಗವನ್ನು ಖಾಲಿ ಬಿಡೋದೇ ಪ್ರಾಮಾಣಿಕತೆ ಅಂತ ನನಗನಿಸುತ್ತದೆ. ನೊಂದವರು ತಾವಾಗಿ "ನನ್ನ ಹಣೆಬರಹ" ಅಂದುಕೊಂಡು ಸಮಾಧಾನ ತಂದುಕೊಂಡರೆ ಅದು ಅವರ ಹಕ್ಕು. ಪಕ್ಕದವರು ಹೇಳಿದರೆ ಅದು ತೀರ್ಪು.

ನಮ್ಮ ದಾಸರು ದೇವರನ್ನು ಎದುರಿಗೇ ನಿಲ್ಲಿಸಿ ಬೈದವರು, ಅಲ್ವಾ? ಅಕ್ಕನೂ ಈಗ ದೇವರ ಫೋಟೋ ಮುಂದೆ ನಿಂತು ಜಗಳ ಆಡುತ್ತಾಳೆ. ಆಡಲಿ. ಅವಳ ಮನೆಗೆ ಹೋದರೆ ಹುಡುಗನ ಹೆಸರು ಹಿಡಿದು ಮಾತಾಡಿಸಿ, ಅವನ ತುಂಟಾಟ ಕೇಳಿ. ಗಂಟೆಗಟ್ಟಲೆ ಹೇಳುತ್ತಾಳೆ.