ಮೊಬೈಲ್ ಬೇಡ, ಲಿಂಕ್ ಕಳುಹಿಸಲಾಗಿದೆ

ಮಕ್ಕಳ ಕೈಗೆ ಮೊಬೈಲ್ ಕೊಡಬಾರದು ಎಂಬ ವಿಷಯದಲ್ಲಿ ನಾಡಿನಲ್ಲಿ ಈಗ ಭಿನ್ನಮತವಿಲ್ಲ. ಶಾಲೆ ಹೇಳುತ್ತದೆ, ಸರ್ಕಾರ ಹೇಳುತ್ತದೆ, ಸ್ವಾಮಿಗಳೂ ಹೇಳುತ್ತಾರೆ. ಎಲ್ಲರೂ ಮೊಬೈಲ್‌ನಲ್ಲಿಯೇ ಹೇಳುತ್ತಾರೆ. ಈ ವಿಡಿಯೊವನ್ನು ಮಕ್ಕಳಿಗೆ ತಪ್ಪದೇ ತೋರಿಸಿ ಎಂಬ ಕೋರಿಕೆಯೂ ಜೊತೆಗಿರುತ್ತದೆ.

ಶಾಲೆಗಳ ಶ್ರದ್ಧೆ ಇನ್ನೂ ದೊಡ್ಡದು. ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಪರದೆಯ ಅಪಾಯಗಳನ್ನು ಪರದೆಯ ಮೇಲೆ ವಿವರಿಸುತ್ತಾರೆ. ಸಂಜೆ ವಾಟ್ಸ್‌ಆ್ಯಪ್ ಗುಂಪಿಗೆ ಸೂಚನೆ ಬರುತ್ತದೆ: ಯುಕೆಜಿ ಮಗು ಗಿಡಕ್ಕೆ ನೀರೆರೆಯುವ ವಿಡಿಯೊವನ್ನು ರಾತ್ರಿ ಎಂಟರೊಳಗೆ ಹಾಕಬೇಕು. ಗಿಡ ಬಾಡಿದರೆ ಚಿಂತೆಯಿಲ್ಲ; ವಿಡಿಯೊ ಅಲುಗಾಡಬಾರದು.

ಸರ್ಕಾರಕ್ಕೂ ಒಮ್ಮೆ ಜ್ಞಾನೋದಯವಾಗಿತ್ತು. 2020ರ ಜೂನ್‌ನಲ್ಲಿ ಎಲ್‌ಕೆಜಿಯಿಂದ ಐದನೇ ತರಗತಿಯವರೆಗೆ ಆನ್‌ಲೈನ್ ಪಾಠವೇ ಬೇಡ ಎಂದಿತು. ಜುಲೈ 8ರಂದು ಹೈಕೋರ್ಟ್ ತಡೆ ನೀಡಿತು. ಮರುವರ್ಷದ ಮಳೆಗಾಲದಲ್ಲಿ, ಸುಳ್ಯ ತಾಲ್ಲೂಕಿನ ರಸ್ತೆಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ನಾವೆಲ್ಲ ಗದ್ಗದಿತರಾಗಿ ಹಂಚಿಕೊಂಡೆವು, ಸಿಗ್ನಲ್ ಚೆನ್ನಾಗಿದ್ದ ಜಾಗದಲ್ಲಿ ಕುಳಿತು. ‘ಮೊಬೈಲ್ ನೋಡು’ ಎಂದು ಆಗ ಗದರಿದ ಹೆತ್ತವರೇ ಈಗ ‘ಮೊಬೈಲ್ ಬಿಡು’ ಎಂದು ಗದರುತ್ತಾರೆ. ಮಗು ಯಾವುದನ್ನು ನಂಬಬೇಕು?

ಎರಡು ವರ್ಷ ತುಂಬದ ಕೂಸಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಜಿನೀವಾದಲ್ಲಿ ಕುಳಿತ ಆ ಸಂಸ್ಥೆಯವರು ನಮ್ಮ ಮಕ್ಕಳಿಗೆ ಉಣಿಸಿದವರಲ್ಲ. ಬೆಳಗಿನ ಒಂದು ಇಡ್ಲಿಗೇ ಆ ಗಂಟೆ ಮುಗಿಯುತ್ತದೆ, ರಾತ್ರಿಯ ಅನ್ನಕ್ಕೆ ಏನು ಮಾಡುವುದು? ಹಿಂದೆ ಈ ಕೆಲಸಕ್ಕೆ ಚಂದಮಾಮನಿದ್ದ. ಅಮಾವಾಸ್ಯೆಗೆ ರಜೆ ಹಾಕುತ್ತಿದ್ದ ಎಂಬ ಕಾರಣಕ್ಕೆ ಅವನನ್ನು ಕೆಲಸದಿಂದ ತೆಗೆಯಲಾಯಿತು.

ಮಾತಿನ ವಿಷಯ ಮಾತ್ರ ತಮಾಷೆಯದಲ್ಲ. ಕೂಸು ‘ಬಾ’ ಎಂದರೆ ಎದುರಿಗಿದ್ದವರು ತಿರುಗಿ ಏನಾದರೂ ಅನ್ನಬೇಕು. ಮಾತು ಬೆಳೆಯುವುದು ಹಾಗೆ. ಪರದೆ ತನ್ನ ಪಾಡಿಗೆ ಹಾಡುತ್ತದೆಯೇ ಹೊರತು ಕೂಸಿಗೆ ಓಗೊಡುವುದಿಲ್ಲ. ಪಕ್ಕದಲ್ಲಿರುವ ಅಪ್ಪನೂ ಓಗೊಡುವುದಿಲ್ಲ, ಅವರು ಮಕ್ಕಳ ಪಾಲನೆಯ ಕುರಿತ ರೀಲ್ಸ್ ನೋಡುತ್ತಿರುತ್ತಾರೆ. ಮೂರು ವರ್ಷದ ಮಗು ಅಮೆರಿಕದ ರಾಗದಲ್ಲಿ ಬಣ್ಣಗಳ ಹೆಸರನ್ನು ಒಪ್ಪಿಸುತ್ತದೆ, ಬಾಯಾರಿದರೆ ‘ನೀರು’ ಎನ್ನಲಾರದೆ ಅಳುತ್ತದೆ. ಬಂದ ನೆಂಟರು ರಾಗವನ್ನು ಮೆಚ್ಚಿ ಹೋಗುತ್ತಾರೆ.

ಇನ್ನು ಅಂಗನವಾಡಿ. ಹಾಡು, ಮಣ್ಣು, ಆಟದ ಜಾಗ ಅದು. ಅಲ್ಲಿ 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ ಇದೆ. ಮಗುವಿನ ಹಾಜರಿ, ತೂಕ, ಎತ್ತರ ಎಲ್ಲವೂ ಅದರೊಳಗೆ ಹೋಗಬೇಕು. ಮನೆಗೊಯ್ಯುವ ಆಹಾರ ಕೊಡಲು ಪಡೆಯುವವರ ಮುಖವನ್ನೂ ಅದೇ ಗುರುತಿಸಬೇಕು. ಹಾಡು ಹೇಳಿಕೊಡಬೇಕಾದ ಕಾರ್ಯಕರ್ತೆ ಸಿಗ್ನಲ್ ಹುಡುಕುತ್ತ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಅಂಗಳಕ್ಕೆ ಅಲೆಯುತ್ತಾರೆ. ಬೆನ್ನ ಹಿಂದೆಯೇ ಬಂದು ಇಣುಕುವ ಮಕ್ಕಳಿಗೆ, ‘ಮೊಬೈಲ್ ನೋಡಬಾರದು ಪುಟ್ಟಾ, ಹೋಗಿ ಆಟವಾಡಿ’ ಎನ್ನುತ್ತಾರೆ. ಅಷ್ಟರಲ್ಲಿ ಮೇಲಧಿಕಾರಿಯ ಸಂದೇಶ ಬರುತ್ತದೆ: ಮಕ್ಕಳ ಮೊಬೈಲ್ ಗೀಳಿನ ಬಗ್ಗೆ ಜಾಗೃತಿ ಮೂಡಿಸಿದ ಫೋಟೊ ನಿಮ್ಮ ಕೇಂದ್ರದಿಂದ ಇನ್ನೂ ಬಂದಿಲ್ಲ, ಸಂಜೆಯೊಳಗೆ ಅಪ್‌ಲೋಡ್ ಮಾಡಿ, ಫೋಟೊದಲ್ಲಿ ಮಕ್ಕಳು ಕ್ಯಾಮೆರಾ ನೋಡುತ್ತಿರಲಿ.