ನೀರು ಬರುತ್ತಂತೆ!

ಇಂಗ್ಲಿಷಿನಲ್ಲಿ ಗಾಸಿಪ್ಪಿಗೂ ಕುಡಿಯುವ ನೀರಿಗೂ ಹಳೇ ನಂಟು. ಹಡಗಿನ ನಾವಿಕರು ನೀರು ಕುಡಿಯಲು ಸೇರುತ್ತಿದ್ದ ಪೀಪಾಯಿಯ ಹೆಸರು ಸ್ಕಟಲ್‌ಬಟ್. ಕುಡಿಯೋದು ಒಂದು ಲೋಟ, ಹರಟೋದು ಒಂದು ಗಂಟೆ. ಕೊನೆಗೆ ಗಾಳಿಸುದ್ದಿಗೇ ಆ ಹೆಸರು ಅಂಟಿತು. ಮೊದಲನೇ ಮಹಾಯುದ್ಧದ ಕಾಲಕ್ಕೆ ಆಸ್ಟ್ರೇಲಿಯಾದ ಸೈನಿಕ ಶಿಬಿರಗಳಿಗೆ ನೀರು ತರುತ್ತಿದ್ದ ಗಾಡಿಗಳ ಮೇಲೆ, ಅವನ್ನು ತಯಾರಿಸಿದವರ ಹೆಸರು 'ಫರ್ಫಿ' ಅಂತ ದೊಡ್ಡದಾಗಿ ಬರೆದಿರುತ್ತಿತ್ತು. ಗಾಡಿ ಸುತ್ತ ಹುಟ್ಟಿದ ಬುರುಡೆಯೂ ಫರ್ಫಿಯೇ ಆಯಿತು.

ನಮ್ಮ ಚಿಕ್ಕಬಳ್ಳಾಪುರದಲ್ಲಿ ಇಷ್ಟೆಲ್ಲ ಸುತ್ತುಬಳಸು ಇಲ್ಲ. ಇಲ್ಲಿ ನೀರೇ ಗಾಸಿಪ್.

ಪಶ್ಚಿಮ ಘಟ್ಟದ ಹೊಳೆ ನೀರನ್ನು ನಮ್ಮ ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಮುದ್ದೇನಹಳ್ಳಿಯಲ್ಲಿ ಅಡಿಗಲ್ಲು ಬಿತ್ತು. ವಿಶ್ವೇಶ್ವರಯ್ಯನವರ ಹುಟ್ಟೂರು. ಜಾಗವನ್ನೇನೋ ಚೆನ್ನಾಗಿಯೇ ಹುಡುಕಿದ್ದರು. ಆಗಿನ ಲೆಕ್ಕ 12,912 ಕೋಟಿ, ಆಮೇಲೆ 23,251 ಕೋಟಿ. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಪಂಪು ಚಾಲೂ ಆಯಿತು. ನಮ್ಮ ಕಡೆಗೆ ಹರಿದು ಬಂದಿದ್ದು ಮಾತ್ರ "ಬರುತ್ತಂತೆ".

ಬೀದಿಗೆ ಟ್ಯಾಂಕರ್ ಬಂದಾಗ ನೋಡಬೇಕು. ಬಿಂದಿಗೆ ಸಾಲು, ಪೈಪಿಗೆ ಎಳೆದಾಟ, ನಡುವೆ ಈ ಮಾತು.

"ಮುಂದಿನ ವರ್ಷ ಗ್ಯಾರಂಟಿ ಅಂತೆ ಕಣಕ್ಕ."

"ಯಾರೇ ಹೇಳಿದ್ದು?"

"ಎದುರು ಮನೆಯವರ ಭಾವಮೈದ ಇಂಜಿನಿಯರ್ ಆಫೀಸಲ್ಲಿ ಇದಾನಂತೆ."

ಇದನ್ನೇ ವೇದಿಕೆ ಮೇಲೆ ಮೈಕ್ ಹಿಡಿದು ಹೇಳಿದರೆ ಭರವಸೆ. ಆಮೇಲೆ ಹಾರ, ತುರಾಯಿ, ಫೋಟೋ. ಬಿಂದಿಗೆ ಹಿಡಿದು ಹೇಳಿದರೆ ಗಾಳಿಸುದ್ದಿ. ಎರಡರಿಂದಲೂ ಬಿಂದಿಗೆ ತುಂಬೋದು ಅಷ್ಟೇ ಅಷ್ಟು. ಬೆಂಗಳೂರಿನವರು ಬಳಸಿ ಬಿಟ್ಟ ನೀರು ಎರಡು ಹಂತ ಶುದ್ಧಿಯಾಗಿ ನಮ್ಮ ಕೆರೆಗಳಿಗೆ ಬರುತ್ತಿದೆ, ಇಲ್ಲ ಅನ್ನೋಲ್ಲ. ಎತ್ತಿನಹೊಳೆ ಸುದ್ದಿಗೆ ಒಂದು ಹಂತದ ಸೋಸುವಿಕೆಯೂ ಇಲ್ಲ, ಸುಮ್ನೆ ಹಾಗೇ ಬಿಡುತ್ತಾರೆ.

ಗಾಸಿಪ್ಪಿನ ಹಾಗೆ ಮಿಸ್ಚೀಫಿಗೂ, ಅಂದರೆ ಕಿಡಿಗೇಡಿತನಕ್ಕೂ, ನೀರಿನ ನಂಟಿದೆ. ಪಕ್ಕದವನ ಟಿಫನ್ ಬಾಕ್ಸ್ ಬಚ್ಚಿಟ್ಟ ಹುಡುಗನಿಗೆ ಕಾನ್ವೆಂಟಿನ ಮಿಸ್ಸು ಅನ್ನೋದು ಅದನ್ನೇ. 1860ರ ದಂಡಸಂಹಿತೆ, ಬೇಸಾಯದ ನೀರು ತಪ್ಪಿಸುವವನ ಕೆಲಸಕ್ಕೂ ಅದೇ ಹೆಸರಿಟ್ಟು, ಐದು ವರ್ಷದವರೆಗೆ ಜೈಲು ಅಂದಿತ್ತು. ಹೊಸ ನ್ಯಾಯಸಂಹಿತೆಯಲ್ಲೂ ಹೆಸರು ಅದೇ, ಜೈಲೂ ಅಷ್ಟೇ. ಆ ಲೆಕ್ಕದಲ್ಲಿ ನಮ್ಮ ಜಿಲ್ಲೆಯವರು ಮಹಾ ಸಭ್ಯರು ಅಲ್ವಾ? ಎತ್ತಿನಹೊಳೆ ನೀರನ್ನು ತನ್ನ ತೋಟಕ್ಕೆ ತಿರುಗಿಸಿಕೊಂಡ ಅಂತ ಇಲ್ಲಿ ಯಾರ ಮೇಲೂ ಕೇಸು ಹಾಕುವ ಹಾಗಿಲ್ಲ. ಮೋಟಾರು, ಪೈಪು ಎಲ್ಲ ರೆಡಿ ಇಟ್ಟುಕೊಂಡವರು ಮಾತ್ರ ಒಂದಿಬ್ಬರು ಇದ್ದಾರಂತೆ.