ತಾಳ ತಪ್ಪಿಸಿದ್ದು ಕಾಫಿಯಲ್ಲ

ಎದೆಬಡಿತ ಏರುಪೇರಾದರೆ ಮೊದಲು ಕಾಫಿ ಬಿಡಿ ಅಂತ ಲೇಖನದಲ್ಲಿ ಬರೆದಿದ್ದೀರಿ. ನನ್ನ ಅನುಭವ ಬೇರೆ. ಊರು ಕುಂದಾಪುರ, ಇರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಹಲ್ಲುಜ್ಜುವಾಗ ಎದೆಯೊಳಗೆ ಮೀನು ಒದ್ದಾಡಿದ ಹಾಗಾಯಿತು. ನಾಡಿ ಹಿಡಿದು ನೋಡಿದೆ. ಎರಡು ಬಡಿತ, ಒಂದು ಗ್ಯಾಪ್, ಆಮೇಲೆ ನಾಲ್ಕು ಒಟ್ಟಿಗೆ! ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಅಂತ ಬಂತು, ಅಂದರೆ ಹೃದಯದ ಮೇಲಿನ ಎರಡು ಕೋಣೆಗಳು ತಾಳ ತಪ್ಪಿ ಅದುರುವುದು. ಡಾಕ್ಟರು ಕಾಫಿ ಸುದ್ದಿಯನ್ನೇ ಎತ್ತಲಿಲ್ಲ. "ನಿನ್ನೆ ರಾತ್ರಿ ಎಷ್ಟು ಪೆಗ್?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಲೆಕ್ಕ ಒಪ್ಪಿಸಿದಳು. ರಜೆಯಲ್ಲಿ ಜಾಸ್ತಿ ಕುಡಿದು ಹೀಗೆ ಬಡಿತ ತಪ್ಪುವುದಕ್ಕೆ 1978ರಿಂದಲೇ 'ಹಾಲಿಡೇ ಹಾರ್ಟ್' ಅನ್ನೋ ಹೆಸರಿದೆ.

ಇನ್ನೊಂದು ಕಾರಣ, ಗೊರಕೆ. ಅದನ್ನು ನಾವು ಸುಮ್ನೆ ತಮಾಷೆ ಮಾಡುತ್ತೇವೆ, ಅಲ್ವಾ? ನಿದ್ದೆಯಲ್ಲಿ ಪದೇ ಪದೇ ಉಸಿರು ಕಟ್ಟಿದರೆ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಹೃದಯದ ಮೇಲಿನ ಕೋಣೆಗಳಿಗೆ ಪೆಟ್ಟು. ನನಗೆ ಅದೂ ಇತ್ತು. ರಾತ್ರಿ ಹನ್ನೊಂದಕ್ಕೆ ಲೋಕಲ್ ಇಳಿದು ಊಟ, ಬೆಳಿಗ್ಗೆ ಐದಕ್ಕೆ ಅಲಾರಾಂ, ತೂಕವೂ ಜಾಸ್ತಿ. ಹೀಗೆ ತಾಳ ತಪ್ಪಿದರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆಗಬಹುದು ಅಂತ ಡಾಕ್ಟರು ಅಂದಾಗಲೇ ನಾನು ಹೆದರಿದ್ದು.

ಈಗ ಪೆಗ್ ಬಿಟ್ಟಿದ್ದೇನೆ, ಏಳು ಕೆಜಿ ಇಳಿದಿದ್ದೇನೆ. ಬೆಳಗಿನ ಒಂದು ಲೋಟ ಫಿಲ್ಟರ್ ಕಾಫಿ ಮಾತ್ರ ಬಿಟ್ಟಿಲ್ಲ, ಡಾಕ್ಟರೂ ಬೇಡ ಅನ್ನಲಿಲ್ಲ.